ಎಳೆಗುದುರೆ ಮೊದಲ ಸಲ ಕಣಕ್ಕಿಳಿಯುವಾಗ

ಜುಲೈ ತಿಂಗಳ ಬೆಳಗು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲೊಂದು ಕೃಷಿ ಮೇಳ. ರಾತ್ರಿ ಸುರಿದ ಮಳೆಗೆ ಹುಲ್ಲು ಇನ್ನೂ ಒದ್ದೆ. ಬಿಳಿ ಡೇರೆಗಳ ಸಾಲು, ಗಾಳಿಗೆ ಪಟಪಟ ಬಡಿಯುವ ಬಣ್ಣದ ತೋರಣ, ಎಲ್ಲೋ ಗುಡುಗುಡು ಎನ್ನುವ ಜನರೇಟರು, ಧ್ವನಿವರ್ಧಕದಲ್ಲಿ ಕುರಿಗಳ ಸ್ಪರ್ಧೆಯ ಫಲಿತಾಂಶ. ಮಕ್ಕಳ ಕೈಯಲ್ಲಿ ಐಸ್‌ಕ್ರೀಮು, ನಾಯಿಗಳ ಕೊರಳಲ್ಲಿ ಹಗ್ಗ. ಇದೆಲ್ಲದರ ನಡುವೆ, ಹಗ್ಗ ಕಟ್ಟಿ ಗುರುತು ಮಾಡಿದ ಹುಲ್ಲಿನ ಕಣದ ಬಾಗಿಲಲ್ಲಿ ಹತ್ತು ಹನ್ನೆರಡು ಕುದುರೆಗಳು ಕಾಯುತ್ತಿವೆ. ಅವುಗಳಲ್ಲೊಂದಕ್ಕೆ ಈಗಷ್ಟೇ ನಾಲ್ಕು ತುಂಬಿದೆ. ಮೇಳ ಎಂಬುದನ್ನು ಅದು ಕಂಡಿರುವುದು ಇತ್ತೀಚೆಗಷ್ಟೇ, ಸವಾರನನ್ನು ಹೊತ್ತು ಸ್ಪರ್ಧೆಗೆ ಬಂದಿರುವುದು ಇದೇ ಮೊದಲು.

ಅದರ ಜೂಲನ್ನು ಪುಟ್ಟ ಪುಟ್ಟ ಗಂಟುಗಳಾಗಿ ಹೆಣೆದಿದ್ದಾರೆ. ಮೈ ಮಿರಮಿರ ಮಿಂಚುತ್ತಿದೆ. ಒಂದು ಕಿವಿ ತೋರಣದ ಕಡೆಗೆ, ಇನ್ನೊಂದು ಬೆನ್ನ ಮೇಲೆ ಕೂತ ಹುಡುಗಿಯ ಕಡೆಗೆ. ಅವಳು ಉಸಿರನ್ನು ನಿಧಾನವಾಗಿ ಬಿಟ್ಟು ಲಗಾಮನ್ನು ಒಂದಂಗುಲ ಸಡಿಲಿಸುತ್ತಾಳೆ. ಇನ್ನೊಂದು ಗಂಟೆಯೊಳಗೆ ಈ ಕುದುರೆ ಗುರುತಿಲ್ಲದ ಕುದುರೆಗಳ ಜೊತೆ ಸುತ್ತು ಹಾಕಬೇಕು, ಓಡಬೇಕು, ಹೇಳಿದ ತಕ್ಷಣ ಓಟ ನಿಲ್ಲಿಸಬೇಕು, ಸಾಲಿನಲ್ಲಿ ಅಲುಗಾಡದೆ ನಿಲ್ಲಬೇಕು. ಆಮೇಲೆ ಹಿಂದೆಂದೂ ಕಂಡಿರದ ತೀರ್ಪುಗಾರರೊಬ್ಬರು ಬಂದು ತನ್ನ ಬೆನ್ನೇರಿದರೆ ಅವರನ್ನೂ ಹೊತ್ತು ನಡೆಯಬೇಕು.

ಓಟವೂ ಇಲ್ಲ, ಜಿಗಿತವೂ ಇಲ್ಲ

ಕುದುರೆ ಎಂದರೆ ನಮಗೆ ರೇಸು ಗೊತ್ತು, ಒಲಿಂಪಿಕ್ಸಿನಲ್ಲಿ ಅಡ್ಡಪಟ್ಟಿ ಹಾರುವುದು ಗೊತ್ತು, ದಸರಾ ಮೆರವಣಿಗೆ ಗೊತ್ತು. ಬ್ರಿಟನ್ನಿನವರು ‘ಷೋಯಿಂಗ್’ ಎನ್ನುವ ಈ ಸ್ಪರ್ಧೆ ಇವುಗಳಲ್ಲಿ ಯಾವುದಕ್ಕೂ ಸೇರದು. ಇಲ್ಲಿ ಗಡಿಯಾರ ಇಲ್ಲ, ಗೆರೆ ದಾಟುವವರಿಲ್ಲ. ನಮ್ಮ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ಅನುಭವಸ್ಥ ರೈತ ಕಾಲು, ಗೊರಸು, ಬೆನ್ನು ನೋಡಿ, ನಡೆಸಿ ನೋಡಿ, ಹತ್ತಿರ ಹೋಗಿ ಮೈದಡವಿ ಗುಣ ಅಳೆಯುತ್ತಾನಲ್ಲ, ಆ ಬಗೆಯ ಪರೀಕ್ಷೆ ಇದು. ಕುದುರೆಯ ಮೈಕಟ್ಟು ಹೇಗಿದೆ, ನಡಿಗೆ ಹೇಗಿದೆ, ನಡತೆ ಹೇಗಿದೆ, ಹತ್ತಿದವರಿಗೆ ಅದು ಎಷ್ಟು ಹಿತವಾದ ಸವಾರಿ ಕೊಡುತ್ತದೆ ಎಂಬುದೇ ಪ್ರಶ್ನೆ.

ಸ್ಪರ್ಧೆಯ ವಿಭಾಗಗಳು ಹುಟ್ಟಿದ್ದು ಕುದುರೆಗಳು ಹಿಂದೆ ಮಾಡುತ್ತಿದ್ದ ಕೆಲಸಗಳಿಂದ. ‘ಹಂಟರ್’ ಎಂದರೆ ಬೇಟೆನಾಯಿಗಳ ಹಿಂದೆ ಸವಾರನನ್ನು ಹೊತ್ತು ದಿನವಿಡೀ ಹೊಲ, ಬೇಲಿ, ಹಳ್ಳ ದಾಟಬಲ್ಲ ಗಟ್ಟಿಮುಟ್ಟಾದ ಕುದುರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆ ಬೇಟೆಯನ್ನು 2004ರ ಕಾಯ್ದೆ ನಿಷೇಧಿಸಿತು, ಹಂಟರ್ ವಿಭಾಗ ಮಾತ್ರ ಉಳಿಯಿತು. ‘ಹ್ಯಾಕ್’ ಎಂಬುದು ಲಂಡನ್ನಿನ ಹೈಡ್ ಪಾರ್ಕಿನಲ್ಲಿರುವ ರಾಟನ್ ರೋ ಹಾದಿಯಲ್ಲಿ ಸಿರಿವಂತರು ವಿಹಾರಕ್ಕೆ ಹತ್ತುತ್ತಿದ್ದಂಥ ನಾಜೂಕಿನ ಕುದುರೆ. ‘ಕಾಬ್’ ಗಿಡ್ಡ, ದಪ್ಪ ಕಾಲಿನದು. ತೂಕದ ರೈತನನ್ನೂ ಅಳುಕದೆ ಹೊತ್ತು ನಡೆಯುವಂಥದು. ಇವಲ್ಲದೆ ಷೆಟ್ಲೆಂಡ್, ಎಕ್ಸ್‌ಮೂರ್, ಡಾರ್ಟ್‌ಮೂರ್, ಹೈಲೆಂಡ್, ಕನೆಮಾರ ಮುಂತಾದ ನಾಡತಳಿಯ ಪೋನಿಗಳಿಗೆ ಬೇರೆಯೇ ವಿಭಾಗವಿದೆ.

ಒಳ್ಳೆಯ ಸವಾರಿ ಕುದುರೆಗಳ ತಳಿ ಬೆಳೆಸಲು ಅಲ್ಲಿ 1885ರಲ್ಲೇ ಒಂದು ಸಂಘ ಹುಟ್ಟಿಕೊಂಡಿತು. ಸ್ಪೋರ್ಟ್ ಹಾರ್ಸ್ ಬ್ರೀಡಿಂಗ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ. 1949ರಲ್ಲಿ ಲಂಡನ್ನಿನ ಹ್ಯಾರಿಂಗೇಯಲ್ಲಿ ಆರಂಭವಾದ ‘ಹಾರ್ಸ್ ಆಫ್ ದಿ ಇಯರ್ ಷೋ’ ಈಗ ಪ್ರತಿ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆಯುತ್ತದೆ. ಷೋಯಿಂಗ್ ಮಾಡುವ ಪ್ರತಿಯೊಬ್ಬರ ಕನಸಿನಲ್ಲೂ ಬರುವುದು ಅದೇ. ಆದರೆ ಅಲ್ಲಿಗೆ ಹೋಗುವ ಪ್ರತಿ ಕುದುರೆಯೂ ಒಂದು ದಿನ, ಇಂಥದೇ ಒದ್ದೆ ಹುಲ್ಲಿನ ಸಣ್ಣ ಮೇಳವೊಂದರಲ್ಲಿ, ಕಿವಿ ನಿಮಿರಿಸಿ ನಿಂತಿರುತ್ತದೆ.

ಕಣದೊಳಗೆ ಏನು ನಡೆಯುತ್ತದೆ

ಕುದುರೆಗಳು ಒಂದರ ಹಿಂದೊಂದು ಒಳಬಂದು ಕಣದ ಅಂಚಿನಲ್ಲಿ ನಡಿಗೆಯಲ್ಲಿ ಸುತ್ತುತ್ತವೆ. ಮೇಲ್ವಿಚಾರಕರ ಸೂಚನೆಯಂತೆ ಎಲ್ಲವೂ ಒಟ್ಟಿಗೆ ಟ್ರಾಟ್, ಅಂದರೆ ಕುಕ್ಕುಲೋಟಕ್ಕೆ ಇಳಿಯುತ್ತವೆ. ಆಮೇಲೆ ಅದಕ್ಕಿಂತ ಉದ್ದ ಹೆಜ್ಜೆಯ ಕ್ಯಾಂಟರ್. ದಿಕ್ಕು ಬದಲಿಸಿ ಮತ್ತೆ ಅದೇ ಕ್ರಮ. ಹಲವು ವಿಭಾಗಗಳಲ್ಲಿ ಕೊನೆಗೆ ಕಣದ ಉದ್ದದ ಬದಿಯಲ್ಲಿ ನಾಗಾಲೋಟ. ತೀರ್ಪುಗಾರರು ಮನಸ್ಸಿನಲ್ಲೇ ಒಂದು ಕ್ರಮ ಮಾಡಿಕೊಂಡು ಕುದುರೆಗಳನ್ನು ಮಧ್ಯಕ್ಕೆ ಕರೆದು ಸಾಲಾಗಿ ನಿಲ್ಲಿಸುತ್ತಾರೆ.

ಬ್ರಿಟನ್ನಿನ ಪದ್ಧತಿಯ ವಿಶೇಷ ಇರುವುದು ಇಲ್ಲಿಂದ ಮುಂದೆ. ಹಂಟರ್, ಹ್ಯಾಕ್, ಕಾಬ್ ಮುಂತಾದ ವಿಭಾಗಗಳಲ್ಲಿ ತೀರ್ಪುಗಾರರೇ ಸಾಲಿನಲ್ಲಿರುವ ಕುದುರೆಗಳನ್ನು ಒಂದೊಂದಾಗಿ ಹತ್ತಿ ಓಡಿಸಿ ನೋಡುತ್ತಾರೆ. ಪೋನಿಗಳನ್ನು ಹಾಗೆ ಹತ್ತುವುದಿಲ್ಲ. ಅಲ್ಲಿ ಸವಾರರೇ ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಪ್ರದರ್ಶನ ಕೊಡುತ್ತಾರೆ. ಸವಾರಿ ಮುಗಿದ ಮೇಲೆ ಜೀನು ಬಿಚ್ಚಬೇಕು. ಲಾಯದ ಸಹಾಯಕರು ಕಣದೊಳಗೆ ಓಡಿಬಂದು, ಬೆವರು ಒರೆಸಿ, ಮೈ ತಿದ್ದುತ್ತಾರೆ. ಬರಿಬೆನ್ನಿನ ಕುದುರೆ ನಾಲ್ಕು ಕಾಲೂ ಕಾಣುವಂತೆ ನಿಂತು, ಬಳಿಕ ತೀರ್ಪುಗಾರರ ಕಡೆಯಿಂದ ನೇರ ಗೆರೆಯಲ್ಲಿ ನಡೆದು, ಟ್ರಾಟ್ ಮಾಡಿ ಮರಳಬೇಕು. ಮತ್ತೆ ಜೀನು, ಮತ್ತೊಂದು ಸುತ್ತು ನಡಿಗೆ, ಕೊನೆಯ ಸಾಲು, ರೋಸೆಟ್ಟು ಎಂಬ ರಿಬ್ಬನ್ ಹೂವಿನ ಬಹುಮಾನ. ಅಲ್ಲಿ ಮೊದಲ ಬಹುಮಾನದ ಬಣ್ಣ ಕೆಂಪು, ಎರಡನೆಯದು ನೀಲಿ.

ಪಟ್ಟಿ ಮಾಡಿದರೆ ಇಷ್ಟೇ. ಎಳೆಗುದುರೆಗೆ ಮಾತ್ರ ಇದರ ಒಂದೊಂದು ತುಣುಕೂ ಹೊಸ ಪಾಠ. ಹಿಂದಿನಿಂದ ಬೇರೆ ಕುದುರೆ ಓಡಿಬಂದರೆ ತಾನೂ ಓಡಬೇಕೆನಿಸುತ್ತದೆ. ಸಾಲಿನಲ್ಲಿ ಪಕ್ಕದಲ್ಲಿದ್ದ ಕುದುರೆ ಹೊರಟರೆ ತಾನೂ ಹಿಂದೆಯೇ ಹೋಗಬೇಕೆನಿಸುತ್ತದೆ. ತನ್ನ ಸರದಿ ಬಂದು ಸಾಲು ಬಿಟ್ಟು ಒಂಟಿಯಾಗಿ ಹೊರಡು ಎಂದರೆ ಕಾಲು ಏಳುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಸುಮ್ಮನೆ ನಿಂತು ಕಾಯುವುದು. ಹತ್ತು ಕುದುರೆಗಳ ತರಗತಿಯಲ್ಲಿ, ಅಂದರೆ ಒಂದು ಸ್ಪರ್ಧೆಯಲ್ಲಿ, ಓಡಿದ್ದಕ್ಕಿಂತ ನಿಂತ ಹೊತ್ತೇ ಹೆಚ್ಚು.

ಓಡಿ ಬದುಕಿದ ಪ್ರಾಣಿ

ಕುದುರೆ ಹುಲ್ಲುಗಾವಲಿನ ಪ್ರಾಣಿ, ಬೇರೆ ಪ್ರಾಣಿಗಳಿಗೆ ಬೇಟೆಯಾಗುತ್ತಿದ್ದ ಪ್ರಾಣಿ. ಲಕ್ಷಾಂತರ ವರ್ಷ ಅದನ್ನು ಉಳಿಸಿದ್ದು ಅದರ ಕಾಲು ಮತ್ತು ಅನುಮಾನ. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಒಂದೇ ಸಲಕ್ಕೆ ಅದಕ್ಕೆ ಕಾಣುತ್ತದೆ. ಹಣೆಯ ನೇರ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಜಾಗ ಮಾತ್ರ ಕಾಣಿಸದು. ಕೆಂಪು ಹಸಿರುಗಳ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ, ನೀಲಿ ಹಳದಿ ಚೆನ್ನಾಗಿ ತಿಳಿಯುತ್ತದೆ. ಕಣ್ಣಂಚಿನಲ್ಲಿ ಏನು ಮಿಸುಕಿದರೂ ಗೊತ್ತಾಗುತ್ತದೆ. ಕಿವಿಗಳೆರಡೂ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು.

ಈ ಇಂದ್ರಿಯಗಳನ್ನು ಹೊತ್ತುಕೊಂಡು ಮೇಳದ ಮೈದಾನಕ್ಕೆ ಬರುವುದು ಎಂಥ ಅನುಭವ ಎಂದು ಒಮ್ಮೆ ಯೋಚಿಸಿ ನೋಡಿ. ನಮ್ಮ ಗಮನಕ್ಕೂ ಬಾರದ ಪ್ಲಾಸ್ಟಿಕ್ ಚೀಲ, ಬಿಚ್ಚಿಕೊಂಡ ಕೊಡೆ, ಹೂಕುಂಡ, ಚಪ್ಪಾಳೆ ಎಲ್ಲವೂ ಅದಕ್ಕೆ ವಿಚಾರಿಸಿ ನೋಡಬೇಕಾದ ಸುದ್ದಿಗಳು. ಬೆಚ್ಚಿದ ಕುದುರೆಯನ್ನು ಕಂಡು ‘ಮೊಂಡು’ ಎನ್ನುವವರು ಇದ್ದಾರೆ. ಬಹಳ ಸಲ ಅದು ಮೊಂಡುತನ ಆಗಿರುವುದಿಲ್ಲ, ಹುಟ್ಟುಗುಣ. ತಯಾರಿ ಎಂಬ ಇಡೀ ಕೆಲಸ ಇರುವುದು ಆ ಹುಟ್ಟುಗುಣಕ್ಕೆ ನಿಧಾನವಾಗಿ ಧೈರ್ಯ ತುಂಬುವುದರಲ್ಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕುದುರೆಯ ನೆನಪು ಬಹಳ ಗಟ್ಟಿ. ಮೊದಲ ಮೇಳದಲ್ಲಿ ಹೆದರಿ, ಏಟು ತಿಂದು, ಸುಸ್ತಾಗಿ ಮನೆಗೆ ಬಂದ ಕುದುರೆ ಎರಡನೆಯ ಸಲ ಡೇರೆಗಳನ್ನು ದೂರದಿಂದ ಕಂಡಾಗಲೇ ಬೆವರುತ್ತದೆ. ಹಾಗಾಗಿ ಮೊದಲ ತರಗತಿಯನ್ನು ಕುದುರೆಯ ನೆನಪಿಗಾಗಿ ಸವಾರಿ ಮಾಡಬೇಕು, ರೋಸೆಟ್ಟಿಗಾಗಿ ಮಾಡಬಾರದು. ಅಲ್ಲಿನ ಅನುಭವಸ್ಥರ ಅಭ್ಯಾಸಗಳನ್ನೆಲ್ಲ ಈ ಒಂದು ಮಾತಿನಿಂದ ನೋಡಿದರೆ ಪ್ರತಿಯೊಂದಕ್ಕೂ ಅರ್ಥ ಸಿಗುತ್ತದೆ.

ಮನೆಯಂಗಳದ ತಿಂಗಳುಗಳು

ಸಾಮಾನ್ಯವಾಗಿ ಮೂರರ ಸುಮಾರಿಗೆ ಕುದುರೆಯನ್ನು ಸವಾರಿಗೆ ಪಳಗಿಸಿ, ಕೆಲವು ತಿಂಗಳು ಹುಲ್ಲುಗಾವಲಿಗೆ ಬಿಟ್ಟು, ನಾಲ್ಕನೆಯ ವರ್ಷದಲ್ಲಿ ಮತ್ತೆ ಕೆಲಸಕ್ಕೆ ತರುತ್ತಾರೆ. ಅದರ ಮೂಳೆಗಳು, ಅದರಲ್ಲೂ ಬೆನ್ನುಮೂಳೆ, ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಆದ್ದರಿಂದ ಪಾಠಗಳು ಚಿಕ್ಕದಾಗಿರಬೇಕು. ದಿನವೂ ಅದೇ ಕಣದಲ್ಲಿ ಸುತ್ತಿಸುವ ಬದಲು ಕಾಲುದಾರಿ, ಗುಡ್ಡ, ಹಳ್ಳಿಯ ರಸ್ತೆ ಎಂದು ತಿರುಗಾಡಿಸಬೇಕು. ಟ್ರಾಕ್ಟರು, ಸೈಕಲ್ಲು, ನಾಯಿ, ನೀರಿನ ಗುಂಡಿ ಕಂಡ ಕುದುರೆಗೆ ಮೇಳ ಅರ್ಧ ಪರಿಚಿತ.

ಕುದುರೆಗೆ ಕಲಿಸುವ ಭಾಷೆ ಸರಳ: ಒತ್ತಡ ಮತ್ತು ಬಿಡುಗಡೆ. ಸವಾರನ ಕಾಲು ಪಕ್ಕೆಗೆ ಮೆಲ್ಲನೆ ಒತ್ತುತ್ತದೆ. ಕುದುರೆ ಮುಂದೆ ಹೆಜ್ಜೆ ಇಟ್ಟ ಕ್ಷಣದಲ್ಲೇ ಒತ್ತು ನಿಲ್ಲಬೇಕು. ಕಲಿಕೆ ಆಗುವುದು ಒತ್ತಿದಾಗ ಅಲ್ಲ, ಬಿಟ್ಟಾಗ. ಬಿಡುವುದು ತಡವಾದರೆ ಕುದುರೆಗೆ ಗೊಂದಲ, ಬಿಡದೇ ಹೋದರೆ ಜಡತನ. ಒಳ್ಳೆಯ ಕೈಯ ಸವಾರ, ಒರಟು ಕೈಯ ಸವಾರ ಎಂಬ ವ್ಯತ್ಯಾಸ ಬಹುಮಟ್ಟಿಗೆ ಈ ಒಂದು ಕ್ಷಣದ ಲೆಕ್ಕ.

ಷೋಯಿಂಗಿಗೆಂದೇ ಕಲಿಸಬೇಕಾದ್ದರಲ್ಲಿ ಮೊದಲನೆಯದು ಹತ್ತುವಾಗ ನಿಲ್ಲುವುದು. ಮೆಟ್ಟಿಲುಕಟ್ಟೆಯಿಂದ ಹತ್ತಿದರೂ, ನೆಲದಿಂದ ಹತ್ತಿದರೂ, ಬೇರೊಬ್ಬರು ಮೊಣಕಾಲಿಗೆ ಕೈಕೊಟ್ಟು ಎತ್ತಿ ಕೂರಿಸಿದರೂ ಕುದುರೆ ಕಲ್ಲಾಗಿ ನಿಲ್ಲಬೇಕು. ರಿಕಾಪಿನ ಪಟ್ಟಿಯನ್ನು ಉದ್ದ ಗಿಡ್ಡ ಮಾಡಿಕೊಳ್ಳುವವರೆಗೂ ಹೊರಡಬಾರದು. ತೀರ್ಪುಗಾರರು ಆರಡಿ ಎತ್ತರದ ಗಂಡಸಾಗಿರಬಹುದು, ಹಗುರ ಮೈಯ ಹೆಂಗಸಾಗಿರಬಹುದು. ಹಾಗಾಗಿ ಮೇಳಕ್ಕೆ ಮುನ್ನ ನೆರೆಹೊರೆಯ ಪರಿಣತ ಸವಾರರನ್ನು ಕರೆಸಿ ಒಬ್ಬೊಬ್ಬರನ್ನೇ ಹತ್ತಿಸುತ್ತಾರೆ. ಒಬ್ಬರು ಕಾಲನ್ನು ಬಿಗಿಯಾಗಿ ಇಡುತ್ತಾರೆ, ಇನ್ನೊಬ್ಬರು ಸಡಿಲ; ಒಬ್ಬರ ಕೈ ಮೇಲೆ, ಇನ್ನೊಬ್ಬರದು ಕೆಳಗೆ. ಯಾರೇ ಕೂತರೂ ಸೂಚನೆಗಳ ಅರ್ಥ ಒಂದೇ ಎಂಬುದು ಕುದುರೆಗೆ ತಿಳಿಯಬೇಕು. ಒಬ್ಬಳೇ ಒಡತಿಗೆ ಮಾತ್ರ ಒಗ್ಗಿದ ಕುದುರೆ ಎಷ್ಟೇ ಚೆಂದವಿರಲಿ, ಈ ಸ್ಪರ್ಧೆಯಲ್ಲಿ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು ಜೊತೆ ಮತ್ತು ಒಂಟಿತನ. ನಾಲ್ಕೈದು ಸ್ನೇಹಿತರ ಕುದುರೆಗಳನ್ನು ಒಂದೆಡೆ ಸೇರಿಸಿ ಅಣಕು ತರಗತಿ ನಡೆಸುವುದು ಒಳ್ಳೆಯ ಉಪಾಯ. ಒಟ್ಟಿಗೆ ಸುತ್ತುವುದು, ಒಂದನ್ನೊಂದು ದಾಟುವುದು, ಸಾಲಾಗಿ ನಿಲ್ಲುವುದು, ಸಾಲಿನಿಂದ ಒಂದೊಂದೇ ಹೊರಟು ಮರಳುವುದು. ಒಂದು ಪಳಗಿದ ಹಿರಿಯ ಕುದುರೆ ಜೊತೆಗಿದ್ದರೆ ಎಳೆಯದಕ್ಕೆ ಧೈರ್ಯ ಬರುತ್ತದೆ. ಆದರೆ ಅದಿಲ್ಲದೆ ಹೆಜ್ಜೆ ಇಡದಷ್ಟು ಅಂಟಿಕೊಂಡರೆ ಅದೇ ತೊಡಕು. ಹಿರಿಯದು ಬಲಕ್ಕೆ ಹೋದಾಗ ಎಳೆಯದು ಎಡಕ್ಕೆ ಹೋಗುವುದನ್ನೂ ಅಷ್ಟೇ ತಾಳ್ಮೆಯಿಂದ ಕಲಿಸಬೇಕು.

ನಾಗಾಲೋಟದ ವಿಷಯದಲ್ಲಿ ಬಹಳ ಮಂದಿ ಅವಸರ ಮಾಡುತ್ತಾರೆ. ವೇಗ ಕುದುರೆಗೆ ಹುಟ್ಟಿನಿಂದಲೇ ಬರುತ್ತದೆ. ಕಲಿಸಬೇಕಾದ್ದು ಹೆಜ್ಜೆ ಉದ್ದ ಮಾಡಿ, ಮತ್ತೆ ಕೈಗೆ ಮರಳುವುದನ್ನು. ಕ್ಯಾಂಟರಿನಲ್ಲಿ ಹತ್ತು ಹೆಜ್ಜೆ ಮುಂದೆ ಬಿಟ್ಟು, ಹತ್ತು ಹೆಜ್ಜೆ ಹಿಂದಕ್ಕೆ ಕರೆದು, ಅದು ಸಲೀಸಾದ ಮೇಲೆ ಮಾತ್ರ ಇನ್ನೊಂದಿಷ್ಟು. ಮೊದಲ ತರಗತಿಯಲ್ಲಿ ಪೂರ್ತಿ ಓಡಿಸದೆ ಚುರುಕಾದ ಕ್ಯಾಂಟರಿನಲ್ಲೇ ದಾಟಿಸಿಬಿಡುವ ಸವಾರರ ಬಗ್ಗೆ ನನಗೆ ಗೌರವ. ಅಂಕ ಹೋದರೂ ಕುದುರೆ ಉಳಿಯುತ್ತದೆ.

ಕುದುರೆ ತಲೆ ಕೊಡವುತ್ತಿದ್ದರೆ, ಬೆನ್ನು ಕುಗ್ಗಿಸುತ್ತಿದ್ದರೆ, ಗುಣ ಕೆಟ್ಟಿತು ಎನ್ನುವ ಮೊದಲು ಹಲ್ಲು ಮತ್ತು ಜೀನು ನೋಡಬೇಕು. ಈ ವಯಸ್ಸಿನಲ್ಲಿ ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುತ್ತದೆ. ಕೆಲಸ ಮಾಡಿದಂತೆ ಬೆನ್ನಿನ ಸ್ನಾಯು ಬೆಳೆದು ನಿನ್ನೆ ಸರಿಹೊಂದಿದ್ದ ಜೀನು ಇಂದು ಒತ್ತುತ್ತದೆ. ಹೊಸಬರ ತರಗತಿಗಳಲ್ಲಿ ಸಾಮಾನ್ಯವಾಗಿ ಸ್ನಾಫಲ್ ಎಂಬ ಸರಳ ಕಡಿವಾಣವನ್ನೇ ಬಳಸುವುದು ಎಳೆಯ ಬಾಯಿಗೆ ಒಳ್ಳೆಯದು. ಎರಡು ಕಡಿವಾಣ, ಎರಡು ಜೊತೆ ಲಗಾಮಿನ ಗಂಭೀರ ಸಜ್ಜು ಮುಂದಿನ ಹಂತದ್ದು.

ಸದ್ದಿಗೆ ಒಗ್ಗಿಸುವ ಹಳೆಯ ವಿದ್ಯೆ

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನ ಸೆನೊಫನ್ ಕುದುರೆ ಸವಾರಿಯ ಬಗ್ಗೆ ಬರೆದ ಕೃತಿ ಇಂದಿಗೂ ಉಳಿದಿದೆ. ಮರಿಗುದುರೆಯನ್ನು ಜನಸಂದಣಿಯ ನಡುವೆ ಕರೆದೊಯ್ದು ಬಗೆಬಗೆಯ ನೋಟ, ಸದ್ದುಗಳ ಹತ್ತಿರ ನಿಲ್ಲಿಸಬೇಕು, ಹೆದರಿದರೆ ಗದರದೆ ಸಮಾಧಾನ ಮಾಡಿ ಅಪಾಯವಿಲ್ಲ ಎಂದು ತಿಳಿಸಬೇಕು ಎಂಬುದು ಅಲ್ಲಿನ ಸಲಹೆ. ಇಂದಿನ ಪ್ರಾಣಿವರ್ತನೆಯ ತಜ್ಞರು ಹೇಳುವುದೂ ಬಹುಮಟ್ಟಿಗೆ ಇದನ್ನೇ: ಹೆದರಿಸುವ ವಸ್ತುವನ್ನು ಕುದುರೆ ಸಹಿಸುವಷ್ಟು ದೂರದಲ್ಲಿ, ಸಹಿಸುವಷ್ಟು ಪ್ರಮಾಣದಲ್ಲಿ ತೋರಿಸಿ, ಅದು ಸಡಿಲವಾದ ಮೇಲೆ ಒಂದು ಹೆಜ್ಜೆ ಹತ್ತಿರ.

ಈ ವಿದ್ಯೆ ನಮ್ಮಲ್ಲೂ ಪ್ರತಿ ವರ್ಷ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಮೈಸೂರು ದಸರೆಗೆ ಮುನ್ನ ಜಂಬೂಸವಾರಿಯ ಆನೆಗಳ ಜೊತೆ ಪೊಲೀಸ್ ಅಶ್ವಾರೋಹಿ ಪಡೆಯ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪು ಸಿಡಿಸುವ ತಾಲೀಮು ಮಾಡುತ್ತಾರೆ. ವಿಜಯದಶಮಿಯಂದು ಇಪ್ಪತ್ತೊಂದು ಸುತ್ತು ಸಿಡಿಯುವ ತೋಪು ಆ ಪ್ರಾಣಿಗಳ ಕಿವಿಗೆ ಅಂದೇ ಮೊದಲು ಬೀಳಬಾರದು ಎಂಬುದು ಉದ್ದೇಶ. ಹೊಸ ಪ್ರಾಣಿ ಮೊದಲ ಸದ್ದಿಗೆ ಬೆಚ್ಚುತ್ತದೆ, ಪಕ್ಕದಲ್ಲಿ ಹಳೆಯದು ಅಲುಗದೆ ನಿಂತಿದ್ದು ಕಂಡು ತಾನೂ ತಡೆದುಕೊಳ್ಳುತ್ತದೆ. ಇಂಗ್ಲೆಂಡಿನ ಲಾಯದಲ್ಲಿ ತೋಪಿನ ಬದಲು ಧ್ವನಿಮುದ್ರಿಸಿದ ಚಪ್ಪಾಳೆ, ಬೇಲಿಗೆ ಕಟ್ಟಿದ ತೋರಣ, ಬಿಚ್ಚಿ ಮುಚ್ಚುವ ಕೊಡೆ ಇರುತ್ತವೆ. ಚಪ್ಪಾಳೆಯನ್ನು ಮರೆಯುವವರು ಬಹಳ. ಇಡೀ ತರಗತಿಯಲ್ಲಿ ಬಂಗಾರದಂತೆ ನಡೆದ ಕುದುರೆ, ಗೆದ್ದವರ ಸುತ್ತಿನಲ್ಲಿ ಜನ ಚಪ್ಪಾಳೆ ತಟ್ಟಿದಾಗ ಸವಾರನನ್ನು ಕೆಡವಿಬಿಡಬಹುದು.

ಸ್ಪರ್ಧಿಸದ ಮೇಳ

ತಿಳಿದವರು ಕುದುರೆಯನ್ನು ಮೊದಲು ಮೇಳಕ್ಕೆ ಬರಿದೇ ಕರೆದೊಯ್ಯುತ್ತಾರೆ. ಹೆಸರು ಕೊಡುವುದಿಲ್ಲ, ಜೂಲು ಹೆಣೆಯುವುದಿಲ್ಲ. ಲಾರಿಯಿಂದ ಇಳಿಸಿ, ಕೈಯಲ್ಲಿ ಹಿಡಿದು ಮೈದಾನದ ಅಂಚಿನಲ್ಲಿ ನಡೆದಾಡಿಸಿ, ಹುಲ್ಲು ಮೇಯಿಸಿ, ತಲೆ ತಗ್ಗಿ ಉಸಿರು ನಿಧಾನವಾದ ಮೇಲೆ ಮನೆಗೆ. ಮುಂದಿನ ಸಲ ಜೀನು ಹಾಕಿ ಅಭ್ಯಾಸದ ಜಾಗದಲ್ಲಿ ಒಂದಿಷ್ಟು ಓಡಾಟ. ಆಮೇಲಷ್ಟೇ ಒಂದು ಸಣ್ಣ ಊರಿನ ಮೇಳದ ಹೊಸಬರ ತರಗತಿ.

ಲಾರಿ ಹತ್ತುವುದೂ ಒಂದು ಪಾಠವೇ. ಕತ್ತಲೆಯ, ಅಲುಗುವ ಪೆಟ್ಟಿಗೆಯೊಳಗೆ ಹೋಗು ಎಂದರೆ ಕುದುರೆಗೆ ಸಹಜವಾಗಿ ಅನುಮಾನ. ಮೇಳದ ದಿನ ಬೆಳಿಗ್ಗೆ ನಾಲ್ಕು ಗಂಟೆಗೆ ಅದರ ಜೊತೆ ಜಗ್ಗಾಡಿ ಹತ್ತಿಸಿದರೆ ಆ ದಿನ ಅಲ್ಲಿಗೇ ಹಾಳು. ವಾರಗಳ ಮೊದಲಿನಿಂದ ಲಾರಿಯೊಳಗೇ ಮೇವು ಕೊಟ್ಟು, ಹತ್ತಿಸಿ ಇಳಿಸಿ, ಸ್ವಲ್ಪ ದೂರ ಹೋಗಿ ಬಂದು ರೂಢಿ ಮಾಡಿಸಬೇಕು.

ಸಿಂಗಾರದಲ್ಲೂ ಒಂದು ಮಿತಿ

ಹಂಟರ್, ಹ್ಯಾಕ್ ಕುದುರೆಗಳ ಜೂಲನ್ನು ಹೆಣೆದು ದಾರದಿಂದ ಹೊಲಿಯುತ್ತಾರೆ. ಕಾಬ್ ಆದರೆ ಜೂಲನ್ನು ಪೂರ್ತಿ ಬೋಳಿಸುತ್ತಾರೆ. ನಾಡತಳಿಯ ಪೋನಿಗಳ ಜೂಲು ಬಾಲಗಳನ್ನು ಇದ್ದಂತೆಯೇ ಬಿಡಬೇಕು. ಹಂಟರಿಗೆ ಸಾದಾ ಚರ್ಮದ ಸಜ್ಜು, ಹ್ಯಾಕಿನ ಹಣೆಪಟ್ಟಿಗೆ ಬಣ್ಣ. ಸವಾರರಿಗೆ ಸಾಮಾನ್ಯವಾಗಿ ಟ್ವೀಡ್ ಕೋಟು, ಟೈ, ಕೈಗವಸು. ಹಿಂದಿನ ದಿನ ಸ್ನಾನ, ಬೆಳಿಗ್ಗೆ ಮಾಲೀಸು, ಗೊರಸಿಗೆ ಎಣ್ಣೆ. ಎಳೆಗುದುರೆಗೆ ಈ ಹೆಣಿಗೆಯನ್ನು ಮೇಳಕ್ಕೆ ಮುನ್ನವೇ ಕೆಲವು ಸಲ ಮಾಡಿ ತೋರಿಸಬೇಕು. ಕುತ್ತಿಗೆ ಬಿಗಿದಂತಾಗಿ ಕೆಲವು ತಲೆ ಉಜ್ಜತೊಡಗುತ್ತವೆ.

ಮೂತಿಯ ಮೀಸೆಗೂದಲು ಬೋಳಿಸುವ ಹಳೆಯ ಪದ್ಧತಿ ಈಗ ಹಿಂದೆ ಸರಿಯುತ್ತಿದೆ. ಆ ಕೂದಲಿನ ಬುಡದಲ್ಲಿ ನರಗಳಿವೆ. ಮೂಗಿನ ಕೆಳಗಿನ ಕಾಣದ ಜಾಗವನ್ನು ಕುದುರೆ ತಿಳಿಯುವುದು ಅವುಗಳಿಂದ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ತನ್ನ ಸ್ಪರ್ಧೆಗಳಲ್ಲಿ ಇದನ್ನು 2021ರಲ್ಲಿ ನಿಷೇಧಿಸಿತು. ಸರಿಯಾದ ನಿರ್ಧಾರ, ಇನ್ನೂ ಮೊದಲೇ ಆಗಬೇಕಿತ್ತು.

ಇನ್ನೊಂದು ಗಂಭೀರ ವಿಷಯ ತೂಕ. ದುಂಡುಮೈಯನ್ನು ಅಂದವೆಂದು ಮೆಚ್ಚುವ ಚಾಳಿ ಷೋಯಿಂಗಿನಲ್ಲಿ ಹಿಂದಿನಿಂದ ಇದೆ. ಕೊಬ್ಬು ಕೆಟ್ಟ ಮೈಕಟ್ಟನ್ನು ಮುಚ್ಚುತ್ತದೆ, ಮೈಗೆ ಹೊಳಪು ಕೊಡುತ್ತದೆ. ಆದರೆ ಅತಿಯಾಗಿ ಕೊಬ್ಬಿದ ಕುದುರೆಗೆ, ಅದರಲ್ಲೂ ಪೋನಿಗಳಿಗೆ, ಗೊರಸಿನೊಳಗಿನ ಪದರಗಳು ಊದಿಕೊಂಡು ನಡೆಯಲಾರದಂತೆ ಮಾಡುವ ಲ್ಯಾಮಿನೈಟಿಸ್ ಎಂಬ ಕಾಯಿಲೆ ಬರುವ ಅಪಾಯ ಹೆಚ್ಚು. ಅಲ್ಲಿನ ಪಶುವೈದ್ಯರು ಇದನ್ನು ವರ್ಷಗಳಿಂದ ಹೇಳುತ್ತಿದ್ದಾರೆ. ಇನ್ನೂ ಬೆಳೆಯುತ್ತಿರುವ ಮೂಳೆಯ ಮೇಲೆ ಬಹುಮಾನಕ್ಕಾಗಿ ಕೊಬ್ಬು ಹೇರುವುದು ಪ್ರೀತಿಯ ಲಕ್ಷಣ ಅಲ್ಲವೇ ಅಲ್ಲ.

ಸವಾರನ ಎದೆಬಡಿತ

ಆ ದಿನ ಬೇಗ ಹೋಗಬೇಕು. ಕುದುರೆಗೆ ಸುತ್ತಲೂ ನೋಡಲು ಹೊತ್ತು ಕೊಟ್ಟು, ಬೇಕಿದ್ದರೆ ಉದ್ದ ಹಗ್ಗದಲ್ಲಿ ಸುತ್ತಿಸಿ ಹುಮ್ಮಸ್ಸು ಇಳಿಸಿ, ಆಮೇಲೆ ಹತ್ತಬೇಕು. ಬಾಲಕ್ಕೆ ಹಸಿರು ಪಟ್ಟಿ ಕಟ್ಟಿದ್ದರೆ ಎಳೆಯ ಕುದುರೆ ಎಂದೂ, ಕೆಂಪು ಕಟ್ಟಿದ್ದರೆ ಒದೆಯುತ್ತದೆ ಎಂದೂ ಸುತ್ತಲಿನವರು ತಿಳಿದು ದೂರವಿರುತ್ತಾರೆ. ಕುದುರೆ ದಣಿಯುವಷ್ಟು ಹೊತ್ತು ಓಡಿಸಿ ತಣ್ಣಗಾಗಿಸುವವರೂ ಇದ್ದಾರೆ. ದಣಿದ ಕುದುರೆ ಶಾಂತವಾಗಿ ಕಾಣಬಹುದು, ಕಲಿತಿರುವುದು ಮಾತ್ರ ದಣಿವನ್ನು. ಮಂಕು ಹಿಡಿಸುವ ಔಷಧಿ ಕೊಡುವುದಂತೂ ನಿಯಮಬಾಹಿರ. ಬೆನ್ನ ಮೇಲೆ ಅಪರಿಚಿತರನ್ನು ಹತ್ತಿಸುವ ಸ್ಪರ್ಧೆಯಲ್ಲಿ ಅದು ಅಪಾಯ ಕೂಡ.

ಕಣದೊಳಗೆ ಮುಂದಿನ ಕುದುರೆಗೂ ತನ್ನದಕ್ಕೂ ನಡುವೆ ಜಾಗ ಬಿಟ್ಟುಕೊಳ್ಳುವುದು ಮುಖ್ಯ. ಹಿಂಡು ಸೇರಿಕೊಂಡರೆ ಸುತ್ತನ್ನು ಚಿಕ್ಕದು ಮಾಡಿ ಖಾಲಿ ಜಾಗ ಹುಡುಕಬೇಕು. ತೀರ್ಪುಗಾರರಿಗೂ ಆಗಲೇ ಕುದುರೆ ಚೆನ್ನಾಗಿ ಕಾಣುವುದು.

ಇಷ್ಟೆಲ್ಲ ಮಾಡಿಯೂ ಸವಾರನೇ ನಡುಗುತ್ತಿದ್ದರೆ? ಕುದುರೆಗಳು ಮನುಷ್ಯರ ಮೈಯನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತವೆ ಎಂಬುದಕ್ಕೆ ಬರ್ಲಿನ್ನಿನ ಹಾನ್ಸ್ ಸಾಕ್ಷಿ. ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬುವರ ಆ ಕುದುರೆ ಲೆಕ್ಕ ಮಾಡಿ ಉತ್ತರವನ್ನು ಗೊರಸಿನಿಂದ ಕುಟ್ಟಿ ತೋರಿಸುತ್ತದೆಂದು 1904ರ ಹೊತ್ತಿಗೆ ಪ್ರಸಿದ್ಧವಾಗಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿದಾಗ ಗುಟ್ಟು ತಿಳಿಯಿತು. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವರ ತಲೆ ಅವರಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಹಾನ್ಸ್ ಅದನ್ನು ಕಂಡು ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ನೇರ. ಈ ಸುತ್ತಿನಲ್ಲಿ ಕುದುರೆಯ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ ಎಂದು ಜನರಿಗೆ ಹೇಳಿದರು, ಆದರೆ ಬಿಚ್ಚಲಿಲ್ಲ. ಮನುಷ್ಯರ ಎದೆಬಡಿತ ಏರಿತು, ಅದರೊಂದಿಗೆ ಕುದುರೆಗಳದ್ದೂ ಏರಿತು. ಅಂದರೆ ಎಳೆಗುದುರೆಯ ತಯಾರಿಯಲ್ಲಿ ಸವಾರನ ಉಸಿರಾಟವೂ ಸೇರಿದೆ. ಮೊದಲ ಸಲದ ಕುದುರೆಗೆ ಮೊದಲ ಸಲದ ಸವಾರ ಬೇಡ. ಕಣವನ್ನು ಬಲ್ಲವರೊಬ್ಬರು ಬೆನ್ನ ಮೇಲಿರಲಿ ಎಂದು ಹೇಳುವುದು ಇದಕ್ಕೇ.

ಅಷ್ಟಾಗಿಯೂ ಕುದುರೆ ತೀರಾ ಗಾಬರಿಗೊಂಡರೆ ಮೇಲ್ವಿಚಾರಕರ ಅನುಮತಿ ಕೇಳಿ ಹೊರಗೆ ಬರಬಹುದು. ಅದರಲ್ಲಿ ಅವಮಾನವಿಲ್ಲ. ಹೊರಬಂದ ಮೇಲೆ ಶಾಂತವಾದ ಜಾಗದಲ್ಲಿ ಕುದುರೆಗೆ ಚೆನ್ನಾಗಿ ಬರುವ ಯಾವುದಾದರೂ ಸಣ್ಣ ಕೆಲಸ ಮಾಡಿಸಿ, ಮೆಚ್ಚಿ, ಇಳಿಯಬೇಕು.

ರೇಸು ಬಿಟ್ಟು ಬಂದವುಗಳು

ಎಳೆಯದಲ್ಲದಿದ್ದರೂ ಕಣಕ್ಕೆ ಹೊಸದಾದ ಕುದುರೆಗಳ ಇನ್ನೊಂದು ಬಗೆ ಇದೆ: ರೇಸಿನಿಂದ ನಿವೃತ್ತವಾದವು. ಬ್ರಿಟನ್ನಿನ ರೇಸಿಂಗ್ ವಲಯ ಇವುಗಳಿಗೆ ಹೊಸ ಬದುಕು ಕಟ್ಟಿಕೊಡಲು 2000ದಲ್ಲಿ ‘ರಿಟ್ರೇನಿಂಗ್ ಆಫ್ ರೇಸ್‌ಹಾರ್ಸಸ್’ ಎಂಬ ಸಂಸ್ಥೆ ಸ್ಥಾಪಿಸಿತು. ಅವುಗಳಿಗೆಂದೇ ಷೋಯಿಂಗ್ ತರಗತಿಗಳಿವೆ. ರಾಣಿ ಎಲಿಜಬೆತ್ ಅವರ ಬಾರ್ಬರ್ಸ್ ಷಾಪ್ ಎಂಬ ಕುದುರೆ 2009ರ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ಪಿನಲ್ಲಿ ಓಡಿತ್ತು. ನಿವೃತ್ತಿಯ ನಂತರ ಸವಾರಿಣಿ ಕೇಟಿ ಜೆರಮ್ ಅವರ ಕೈಯಲ್ಲಿ ಪಳಗಿ ಷೋಯಿಂಗ್ ಕಣದಲ್ಲಿ ದೊಡ್ಡ ಹೆಸರು ಮಾಡಿತು.

ಇವುಗಳ ಸಮಸ್ಯೆ ಎಳೆಗುದುರೆಯದಕ್ಕೆ ತದ್ವಿರುದ್ಧ. ಲಾರಿ, ಜನ, ಧ್ವನಿವರ್ಧಕ ಎಲ್ಲ ಗೊತ್ತು. ಆದರೆ ಜನ ಸೇರಿದ ಹುಲ್ಲಿನ ಮೈದಾನ ಎಂದರೆ ಓಡಲೇಬೇಕು ಎಂದು ಅವು ಕಲಿತಿವೆ. ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಕೂರಿಸುವುದು ರೇಸಿನ ರೂಢಿ, ಆದ್ದರಿಂದ ಹತ್ತುವಾಗ ನಿಲ್ಲುವುದು ಗೊತ್ತಿಲ್ಲ. ಲಗಾಮು ಬಿಗಿದರೆ ನಿಧಾನಿಸುವ ಬದಲು ಅದಕ್ಕೆ ಒರಗಿ ವೇಗ ಹೆಚ್ಚಿಸುತ್ತವೆ. ಹಳೆಯ ಅರ್ಥವನ್ನು ಅಳಿಸಿ ಹೊಸದನ್ನು ಬರೆಯಲು ಎಳೆಯದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು.

ಕರ್ನಾಟಕದ ಸವಾರಿ ಶಾಲೆಗಳವರಿಗೆ ಈ ಕೆಲಸ ಚಿರಪರಿಚಿತ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳಲ್ಲಿ ಓಡಿದ ಥರೋಬ್ರೆಡ್ ಕುದುರೆಗಳಲ್ಲಿ ಕೆಲವು ಓಟ ಮುಗಿಸಿ ಬರುವುದು ಆ ಶಾಲೆಗಳಿಗೇ. ಅವುಗಳ ಮೇಲೆ ಮಕ್ಕಳನ್ನು ಕೂರಿಸುವ ಮೊದಲು ಅಲ್ಲಿನ ತರಬೇತುದಾರರು ಕಲಿಸಬೇಕಾದ್ದು ಇದೇ ಪಾಠಗಳನ್ನು: ಹತ್ತುವವರೆಗೆ ನಿಲ್ಲುವುದು, ಬೇರೆ ಕುದುರೆ ಓಡಿದರೂ ತಾನು ನಡೆಯುವುದು, ಬೆನ್ನ ಮೇಲೆ ಯಾರೇ ಕೂತರೂ ಕಾಲಿನ ಒತ್ತಿಗೆ ಮುಂದೆ ಹೋಗುವುದು, ಕ್ಯಾಂಟರಿನಿಂದ ಕರೆದರೆ ಮರಳಿ ನಡಿಗೆಗೆ ಬರುವುದು. ಮಗುವೊಂದನ್ನು ಸವಾರಿ ಕಲಿಯಲು ಸೇರಿಸುವ ತಂದೆತಾಯಿಗಳು ಶುಲ್ಕ ಕೇಳುವ ಮೊದಲು ಲಾಯಕ್ಕೆ ಹೋಗಿ, ಯಾರಾದರೂ ಕುದುರೆ ಹತ್ತುವುದನ್ನು ಒಮ್ಮೆ ನಿಂತು ನೋಡಲಿ. ರಿಕಾಪು ಸರಿಮಾಡಿಕೊಳ್ಳುವವರೆಗೂ ಅದು ನಿಂತಿದೆಯೇ ಎಂಬುದರಲ್ಲಿ ಆ ಶಾಲೆ ಕುದುರೆಗಳಿಗೆ ಎಷ್ಟು ಸಮಯ ಕೊಡುತ್ತದೆ ಎನ್ನುವುದು ಗೊತ್ತಾಗುತ್ತದೆ.